ಹಬ್ಬದ ದಿನ ಮನೆಯವರಿಂದ ದೂರ

ಶ್ರೀರಂಗಪಟ್ಟಣದ ಕೋಟೆಯಿಂದ ಹೊರಬಿದ್ದು ಪೂರ್ವಕ್ಕೆ ಗಂಜಾಮಿನ ಹಾದಿ ಹಿಡಿದರೆ, ಕಾವೇರಿಯ ಎರಡು ಕವಲುಗಳ ನಡುವಣ ಅದೇ ದ್ವೀಪದಲ್ಲಿ ಒಂದು ಹಳೆಯ ಇಗರ್ಜಿಯನ್ನು ಕಾಣಬಹುದು. ಟಿಪ್ಪುಸುಲ್ತಾನನು ಮಡಿದ ೧೭೯೯ರ ಯುದ್ಧದ ತರುವಾಯ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಗಳ ಕಾಲದ್ದು ಅದು. ಇಂದಿಗೂ ಅವರ ಹೆಸರಿನಿಂದಲೇ ಜನ ಅದನ್ನು ಗುರುತಿಸುತ್ತಾರೆ. ಕನ್ನಡನಾಡಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ಎಂದರೆ ಗೋದಲಿ ಕಟ್ಟುವುದು, ನಡುರಾತ್ರಿಯ ಬಲಿಪೂಜೆಗೆ ಹಿರಿಯರು ಕಿರಿಯರು ಕೂಡಿ ಹೋಗುವುದು, ಎಲ್ಲಕ್ಕಿಂತ ಮಿಗಿಲಾಗಿ, ಕೆಲಸವನ್ನರಸಿ ದೂರ ಹೋದ ಮಕ್ಕಳು ಅಂದಿನ ಮಟ್ಟಿಗಾದರೂ ಊರಿಗೆ ಬಂದು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು.

೨೦೨೦ರ ಕ್ರಿಸ್‌ಮಸ್ ಅಂತಹುದಾಗಿರಲಿಲ್ಲ. ಕೋವಿಡ್ ರೋಗಕ್ಕೆ ಕಾರಣವಾದ ವೈರಸ್ಸಿನ ಹೊಸದೊಂದು ರೂಪಾಂತರ, ಮುಂದೆ ‘ಆಲ್ಫಾ’ ಎಂದು ಹೆಸರು ಪಡೆದುದು, ಇಂಗ್ಲೆಂಡಿನಲ್ಲಿ ವೇಗವಾಗಿ ಹಬ್ಬುತ್ತಿದೆಯೆಂದು ಆ ತಿಂಗಳು ತಿಳಿದುಬಂದಿತು. ಡಿಸೆಂಬರ್ ೨೦ರಿಂದ ಲಂಡನ್ನಿನಲ್ಲಿಯೂ ಆಗ್ನೇಯ ಇಂಗ್ಲೆಂಡಿನಲ್ಲಿಯೂ ಒಂದು ಮನೆಯವರು ಇನ್ನೊಂದು ಮನೆಯವರೊಡನೆ ಸೇರಿ ಹಬ್ಬ ಮಾಡುವಂತಿರಲಿಲ್ಲ. ಡಿಸೆಂಬರ್ ೨೨ರ ನಡುರಾತ್ರಿಯಿಂದ ಭಾರತವು ಬ್ರಿಟನ್ನಿನ ವಿಮಾನಗಳನ್ನು ತಡೆಹಿಡಿಯಿತು. ಜನವರಿಯ ಮೊದಲ ವಾರದವರೆಗೆ ಅವು ಮತ್ತೆ ಹಾರಲಿಲ್ಲ. ಓದಿಗೋ ಉದ್ಯೋಗಕ್ಕೋ ಅಲ್ಲಿಗೆ ಹೋಗಿದ್ದ ಕನ್ನಡಿಗರು ಕೊಂಡಿಟ್ಟಿದ್ದ ಟಿಕೆಟ್ಟನ್ನು ಕೈಯಲ್ಲಿ ಹಿಡಿದು ಬಾಡಿಗೆಯ ಕೋಣೆಯಲ್ಲಿಯೇ ಹಬ್ಬವನ್ನು ಕಳೆದರು. ಇತ್ತ ಕರ್ನಾಟಕ ಸರ್ಕಾರವು ರಾತ್ರಿಯ ಕರ್ಫ್ಯೂ ಸಾರಿ, ಅದು ಜಾರಿಗೆ ಬರಬೇಕಿದ್ದ ಡಿಸೆಂಬರ್ ೨೪ರಂದೇ ಅದನ್ನು ಹಿಂತೆಗೆದುಕೊಂಡಿತು. ಒಟ್ಟಿನಲ್ಲಿ ಗೊಂದಲದ ಹಬ್ಬ.

ಆದರೆ ಮಂಡ್ಯ ಜಿಲ್ಲೆಯವರಿಗೆ ಹಬ್ಬದ ದಿನ ಅಗಲಿರುವುದು ಆ ವರ್ಷ ಹೊಸದೇನಾಗಿರಲಿಲ್ಲ. ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ೨೦೨೦ರ ಮಾರ್ಚ್ ೨೫ ಯುಗಾದಿಯ ದಿನವೇ ಆಗಿತ್ತು. ರೈಲುಗಳು ಅದಕ್ಕೆ ಮೊದಲೇ ನಿಂತಿದ್ದವು, ಬಸ್ಸುಗಳಿರಲಿಲ್ಲ. ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಮುಂಬಯಿಗೆ ಹೋಗಿ ಹೋಟೆಲು, ಟ್ಯಾಕ್ಸಿ, ಸಣ್ಣಪುಟ್ಟ ವ್ಯಾಪಾರಗಳಲ್ಲಿ ತೊಡಗಿದವರು ಬಹುಮಂದಿ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು ಬೆಳೆಯುವವರಿಗಿರುವ ನೀರಿನ ಆಸರೆ ನಾಗಮಂಗಲದ ಬೆದ್ದಲು ಭೂಮಿಗಿಲ್ಲವೆಂಬುದನ್ನು ನೆನೆದರೆ ಇದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಯುಗಾದಿಯ ಬೇವುಬೆಲ್ಲಕ್ಕೂ ಮರುದಿನದ ಹೊಸತೊಡಕಿಗೂ ಊರಿಗೆ ಬರಬೇಕಾಗಿದ್ದವರಲ್ಲಿ ಅನೇಕರು ಅಲ್ಲಿಯೇ ಉಳಿದರು. ಮೇ ತಿಂಗಳಲ್ಲಿ ದಾರಿ ತೆರೆದು ಊರಿಗೆ ಬಂದಾಗಲಾದರೂ ನೇರವಾಗಿ ಮನೆಗೆ ಹೋದರೇ? ಇಲ್ಲ. ತಾಲ್ಲೂಕಿನ ವಿದ್ಯಾರ್ಥಿನಿಲಯಗಳಲ್ಲಿ, ವಸತಿ ಶಾಲೆಗಳಲ್ಲಿ ಅವರನ್ನು ಇರಿಸಲಾಯಿತು. ಕೆಲವೇ ಮೈಲಿ ದೂರದಲ್ಲಿ ತಮ್ಮ ಊರು, ಗೇಟಿನ ಆಚೆ ಬುತ್ತಿ ಹಿಡಿದು ನಿಂತ ತಾಯಿ; ಆದರೂ ಹದಿನಾಲ್ಕು ದಿನ ಕಾಯಬೇಕು.

ಆ ದಿನಗಳಲ್ಲಿ ಹಳ್ಳಿಯ ಹಿರಿಯರು ಕೇಳುತ್ತಿದ್ದ ಪ್ರಶ್ನೆಯೊಂದುಂಟು. ‘ಹಿಂದೆ ಪ್ಲೇಗು ಬಂದಾಗ ನಮ್ಮವರು ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆದರೆ ಗಂಡಹೆಂಡಿರು, ಮಕ್ಕಳುಮರಿ ಎಲ್ಲರೂ ಜೊತೆಯಲ್ಲಿಯೇ ಇದ್ದರು. ಈಗೇಕೆ ಮನೆಯನ್ನು ಉಳಿಸಿಕೊಂಡು ಮನೆಯವರನ್ನು ಬಿಡಿಸುತ್ತೀರಿ?’ ಇದು ಬರಿಯ ಅಸಮಾಧಾನದ ಮಾತಲ್ಲ, ಒಳ್ಳೆಯ ವೈಜ್ಞಾನಿಕ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಉತ್ತರಕ್ಕಾಗಿ ಮತ್ತೆ ಶ್ರೀರಂಗಪಟ್ಟಣಕ್ಕೇ ಹೋಗೋಣ. ೧೭೯೯ರಲ್ಲಿ ಕೋಟೆಯನ್ನು ಹಿಡಿದ ಬ್ರಿಟಿಷರು ತಮ್ಮ ದಂಡನ್ನು ಅಲ್ಲಿಯೇ ಇಳಿಸಿದ್ದರು. ದ್ವೀಪದ ಜ್ವರವು ಸಿಪಾಯಿಗಳನ್ನು ಸಾಲುಸಾಲಾಗಿ ಮಲಗಿಸಿತು. ಕೊನೆಗೆ ೧೮೦೯ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಬೇಕಾಯಿತು. ಬೆಂಗಳೂರಿನ ದಂಡುಪ್ರದೇಶವು ಹುಟ್ಟಿದುದು ಹೀಗೆ. ಆ ಜ್ವರ ಮಲೇರಿಯ. ಕೆಟ್ಟ ಗಾಳಿಯಿಂದ ಅದು ಬರುವುದೆಂದು ಆಗ ನಂಬಿದ್ದರು. ರೊನಾಲ್ಡ್ ರಾಸ್ ಎಂಬ ವೈದ್ಯನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡುದು ೧೮೯೭ರ ಆಗಸ್ಟ್ ೨೦ರಂದು, ಅಂದರೆ ಎಂಬತ್ತೆಂಟು ವರ್ಷಗಳ ಮೇಲೆ. ಕಾರಣ ತಿಳಿಯದಿದ್ದರೂ ಸೇನಾಧಿಕಾರಿಗಳು ಕೈಗೊಂಡ ಉಪಾಯ ತಪ್ಪಾಗಿರಲಿಲ್ಲ. ರೋಗವು ಆ ಸ್ಥಳದ ನೀರಿನಲ್ಲಿ ಹುಟ್ಟುವ ಸೊಳ್ಳೆಯೊಡನೆ ಇದ್ದುದರಿಂದ ಸ್ಥಳವನ್ನು ಬಿಡುವುದೇ ಪರಿಹಾರವಾಯಿತು. ಸಿಪಾಯಿಯನ್ನು ಸಿಪಾಯಿಯಿಂದ ಬೇರ್ಪಡಿಸುವ ಅಗತ್ಯವೇ ಇರಲಿಲ್ಲ.

ಇನ್ನು ಪ್ಲೇಗು. ಅದು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದು, ಬೇಗನೆ ಮೈಸೂರು ಸಂಸ್ಥಾನದಲ್ಲೆಲ್ಲ ಹರಡಿ, ಹಲವು ದಶಕಗಳ ಕಾಲ ಆಗಾಗ ಮರುಕಳಿಸುತ್ತಿದ್ದಿತು. ಅದರ ಬ್ಯಾಕ್ಟೀರಿಯವನ್ನು ೧೮೯೪ರಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹೊರುವುದೆಂದು ೧೮೯೮ರಲ್ಲಿ ಪಾಲ್ ಲೂಯಿ ಸಿಮೋನ್ ಕರಾಚಿಯಲ್ಲಿ ತೋರಿಸಿದನು. ಇಲಿ ಸತ್ತು ಅದರ ಮೈ ತಣ್ಣಗಾದೊಡನೆ ಹಸಿದ ಚಿಗಟಗಳು ಅದನ್ನು ಬಿಟ್ಟು, ಹತ್ತಿರ ಸಿಕ್ಕ ಮನುಷ್ಯನ ಮೈಗೆ ಹತ್ತುತ್ತವೆ. ‘ಇಲಿ ಬಿದ್ದರೆ ಊರು ಬಿಡು’ ಎಂಬ ನಮ್ಮ ಹಳ್ಳಿಗರ ನಡವಳಿಕೆ ಈ ಶೋಧಕ್ಕೆ ಎಷ್ಟು ಸರಿಹೊಂದುತ್ತದೆಂಬುದನ್ನು ಗಮನಿಸಿರಿ. ರೋಗದ ಬೀಡು ಮನೆಯ ಮಾಡು, ಅಟ್ಟ, ಕಣಜಗಳಲ್ಲಿತ್ತು. ಮನೆಯನ್ನು ಬಿಟ್ಟರೆ ಇಲಿಯನ್ನೂ ಚಿಗಟವನ್ನೂ ಬಿಟ್ಟಂತಾಯಿತು. ಗೆಡ್ಡೆ ಕಟ್ಟುವ ಬಗೆಯ ಪ್ಲೇಗು ಸಾಮಾನ್ಯವಾಗಿ ಒಬ್ಬರಿಂದೊಬ್ಬರಿಗೆ ನೇರವಾಗಿ ಅಂಟುವುದಿಲ್ಲ. ಶ್ವಾಸಕೋಶಕ್ಕೆ ತಗುಲುವ ಬಗೆಯಾದರೆ ಮಾತ್ರ ಅಂಟುತ್ತದೆ. ಆದಕಾರಣ ಹೊಲದ ಗುಡಿಸಲಿನಲ್ಲಿ ಇಡಿಯ ಕುಟುಂಬ ಒಟ್ಟಿಗಿದ್ದು, ಅಲ್ಲಿಯೇ ಒಲೆ ಹೂಡಿ, ಅಲ್ಲಿಯೇ ಹಬ್ಬವನ್ನೂ ಮಾಡಿಕೊಂಡರೂ ಹೆಚ್ಚಿನ ಅಪಾಯವಿರಲಿಲ್ಲ. ರೋಗಿಗಳನ್ನು ಮನೆಯವರಿಂದ ಬಿಡಿಸಿ ಬೇರೆಡೆಗೆ ಒಯ್ಯಲು ಸರ್ಕಾರ ಹೊರಟಾಗ ಜನ ಪ್ರತಿಭಟಿಸಿದುದುಂಟು; ೧೮೯೮ರಲ್ಲಿ ಮೇಲೆ ಹೇಳಿದ ಗಂಜಾಮಿನಲ್ಲಿಯೇ ಪ್ಲೇಗಿನ ಕಟ್ಟಳೆಗಳ ವಿರುದ್ಧ ಗಲಭೆಯಾಯಿತು. ಮನೆಯವರಿಂದ ಅಗಲಿಸುವುದೆಂದರೆ ಜನಕ್ಕೆ ಎಂದೂ ಸುಲಭವಾದ ಮಾತಲ್ಲ.

ಕೋವಿಡ್ ರೋಗದಲ್ಲಿ ಸಂಗತಿ ಬೇರೆ. ಇಲ್ಲಿ ಸೊಳ್ಳೆಯಿಲ್ಲ, ಇಲಿಯಿಲ್ಲ. ಮಾತನಾಡುವಾಗ, ಹಾಡುವಾಗ, ಕೆಮ್ಮುವಾಗ, ಸುಮ್ಮನೆ ಉಸಿರಾಡುವಾಗಲೂ ಬಾಯಿ ಮೂಗುಗಳಿಂದ ಹೊರಡುವ ಸೂಕ್ಷ್ಮ ಹನಿಗಳೇ ವೈರಸ್ಸಿನ ವಾಹನ. ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಬಹು ಸಣ್ಣವು ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಸೊಳ್ಳೆಗಾದರೆ ಕೆರೆಕಟ್ಟೆ ಬೇಕು, ಚಿಗಟಕ್ಕಾದರೆ ಇಲಿ ಬೇಕು. ಇದಕ್ಕೆ ಬೇಕಾದುದು ಒಬ್ಬರ ಉಸಿರನ್ನು ಇನ್ನೊಬ್ಬರು ಸೇದುವಷ್ಟು ಸಾಮೀಪ್ಯ. ಹಬ್ಬದ ಪಂಕ್ತಿಯಲ್ಲಿ, ಗಾಯನವೃಂದದಲ್ಲಿ, ಅಜ್ಜಿಯ ಮಗ್ಗುಲಲ್ಲಿ ದೊರೆಯುವುದು ಅದೇ ಅಲ್ಲವೆ? ಮಲೇರಿಯದಲ್ಲಿ ಸ್ಥಳವನ್ನು ಬಿಟ್ಟರೆ ಸಾಕಾಗಿತ್ತು, ಪ್ಲೇಗಿನಲ್ಲಿ ಮನೆಯನ್ನು. ಇಲ್ಲಿ ಬಿಡಬೇಕಾದುದು ಮನುಷ್ಯನನ್ನೇ ಆಯಿತು. ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇದು.

ಉಳಿದರ್ಧ ಕಾಲಕ್ಕೆ ಸಂಬಂಧಿಸಿದ್ದು. ‘ರೋಗ ಬಂದವನನ್ನು ಬೇಕಾದರೆ ದೂರವಿಡಿ, ಗಟ್ಟಿಮುಟ್ಟಾಗಿ ನಡೆದಾಡುವವನನ್ನು ಏಕೆ ತಡೆಯುತ್ತೀರಿ?’ ಎಂದು ಯಾರಾದರೂ ಕೇಳಬಹುದು. ೨೦೦೩ರಲ್ಲಿ ಹಬ್ಬಿದ ಸಾರ್ಸ್ ರೋಗದ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಅದರ ವೈರಸ್ಸು ಕೋವಿಡ್ ವೈರಸ್ಸಿನ ದಾಯಾದಿಯೇ. ಆದರೆ ಅಲ್ಲಿ ರೋಗಿಯು ಹಾಸಿಗೆ ಹಿಡಿದ ಮೇಲೆ, ಎರಡನೆಯ ವಾರದ ಹೊತ್ತಿಗೆ, ಅತ್ಯಂತ ಹೆಚ್ಚಾಗಿ ಸೋಂಕನ್ನು ಹರಡುತ್ತಿದ್ದನು. ಆದುದರಿಂದ ರೋಗಿಗಳನ್ನು ಬೇರಿರಿಸಿ ಆ ಪಿಡುಗನ್ನು ಒಂದು ವರ್ಷದೊಳಗೆ ಅಡಗಿಸಲು ಸಾಧ್ಯವಾಯಿತು. ಕೋವಿಡ್ ಇದಕ್ಕೆ ವಿರುದ್ಧ. ೨೦೨೦ರ ಏಪ್ರಿಲಿನಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಲೆಕ್ಕದಂತೆ, ರೋಗಿಯಿಂದ ಇತರರಿಗೆ ತಗುಲಿದ ಸೋಂಕುಗಳಲ್ಲಿ ನೂರಕ್ಕೆ ೪೪ರಷ್ಟು, ಅವನಲ್ಲಿ ಜ್ವರವಾಗಲಿ ಕೆಮ್ಮಾಗಲಿ ಕಾಣಿಸಿಕೊಳ್ಳುವುದಕ್ಕೆ ಮೊದಲೇ ತಗುಲಿದ್ದವು. ಹರಡುವಿಕೆಯ ಶಿಖರವು ಲಕ್ಷಣಗಳು ತೋರುವ ಹಿಂದಿನ ದಿನದ ಆಸುಪಾಸಿನಲ್ಲಿದ್ದಿತು. ಕೆಲವರಲ್ಲಂತೂ ಲಕ್ಷಣಗಳು ತೋರುವುದೇ ಇಲ್ಲ. ಬಸ್ಸಿಳಿದು ನಗುನಗುತ್ತ ಬರುವ ಮಗನೇ, ತಾನರಿಯದೆ, ಮನೆಯ ಮುದುಕರಿಗೆ ರೋಗವನ್ನು ತರಬಹುದು.

ಇದು ಬರಿಯ ಊಹೆಯಾಗಿರಲಿಲ್ಲವೆಂಬುದನ್ನು ಕೃಷ್ಣರಾಜಪೇಟೆ ತಾಲ್ಲೂಕು ಮೇ ತಿಂಗಳಲ್ಲಿ ಕಂಡಿತು. ೨೦೨೦ರ ಮೇ ೧೯ರಂದು ಕರ್ನಾಟಕದಲ್ಲಿ ಪತ್ತೆಯಾದ ೧೪೯ ಹೊಸ ಪ್ರಕರಣಗಳಲ್ಲಿ ೭೧ ಮಂಡ್ಯ ಜಿಲ್ಲೆಯೊಂದರವೇ. ಅವರಲ್ಲಿ ಬಹುತೇಕರು ಮುಂಬಯಿಯಿಂದ ಹಿಂದಿರುಗಿದವರು. ಅಂಕಿಯನ್ನು ಕಂಡು ಜಿಲ್ಲೆ ಬೆಚ್ಚಿತು. ಊರಿಗೆ ಬಂದವರನ್ನೇ ಅಪರಾಧಿಗಳಂತೆ ಕಂಡವರೂ ಇದ್ದರು; ಅದು ಅನ್ಯಾಯವಾದ ನೋಟ. ಅಂಕಿಯನ್ನು ಇನ್ನೊಂದು ಬಗೆಯಿಂದಲೂ ಓದಬಹುದಾಗಿತ್ತು. ಆ ಸೋಂಕುಗಳು ಪತ್ತೆಯಾದುದು ಬಹುಮಟ್ಟಿಗೆ ಕ್ವಾರಂಟೈನ್ ಕೇಂದ್ರಗಳ ಒಳಗೆ. ಅವರು ನೇರವಾಗಿ ಮನೆಗೆ ಹೋಗಿದ್ದರೆ ಅಷ್ಟೂ ಮಂದಿ ಅಷ್ಟು ಮನೆಗಳ ಪಡಸಾಲೆಯಲ್ಲಿ ಕುಳಿತಿರುತ್ತಿದ್ದರು.

ಈಗ ಆ ಹದಿನಾಲ್ಕರ ಲೆಕ್ಕಕ್ಕೆ ಬರೋಣ. ಬೇರಿರಿಸುವ ಪದ್ಧತಿ ಹಳೆಯದು. ಆಡ್ರಿಯಾಟಿಕ್ ಸಮುದ್ರದ ದಂಡೆಯ ರಗೂಸ ನಗರವು, ಅಂದರೆ ಈಗಿನ ದುಬ್ರೋವ್ನಿಕ್, ಪ್ಲೇಗಿನ ಊರುಗಳಿಂದ ಬಂದವರು ೩೦ ದಿನ ಹೊರಗಿರಬೇಕೆಂದು ೧೩೭೭ರಲ್ಲಿ ವಿಧಿಸಿತು. ಮುಂದೆ ಇದು ನಲವತ್ತು ದಿನಗಳಾಯಿತು; ವೆನಿಸ್ಸಿನ ಜನರ ಮಾತಿನಲ್ಲಿ ನಲವತ್ತನ್ನು ಹೇಳುವ ಪದದಿಂದಲೇ ‘ಕ್ವಾರಂಟೈನ್’ ಎಂಬ ಹೆಸರು ಬಂದುದು. ನಲವತ್ತಕ್ಕೆ ಧಾರ್ಮಿಕ ಪಾವಿತ್ರ್ಯವಿತ್ತೇ ಹೊರತು ಪ್ರಯೋಗದ ಆಧಾರವಿರಲಿಲ್ಲ. ಹದಿನಾಲ್ಕಕ್ಕಾದರೋ ಆಧಾರವಿದೆ. ಸೋಂಕು ಮೈಯನ್ನು ಹೊಕ್ಕ ದಿನದಿಂದ ಲಕ್ಷಣ ತೋರುವವರೆಗಿನ ಕಾಲವನ್ನು ಗುಪ್ತಾವಧಿ ಎನ್ನೋಣ. ಬಿತ್ತಿದ ಕಾಳು ಮೊಳೆಯುವವರೆಗೆ ನೆಲದಲ್ಲಿ ಅಡಗಿರುವ ಕಾಲವಿದ್ದಂತೆ ಇದು. ಎಲ್ಲ ಕಾಳೂ ಒಂದೇ ದಿನ ಮೊಳೆಯುವುದಿಲ್ಲವಷ್ಟೆ. ಹಾಗೆಯೇ ಗುಪ್ತಾವಧಿಯೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ೨೦೨೦ರ ಮಾರ್ಚಿನಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಗಣನೆಯ ಪ್ರಕಾರ, ಲಕ್ಷಣ ತೋರುವವರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು ೫ ದಿನಗಳೊಳಗೇ ತೋರುತ್ತದೆ. ನೂರರಲ್ಲಿ ತೊಂಬತ್ತೇಳು ಮಂದಿಗೂ ಮಿಕ್ಕು ಹನ್ನೊಂದೂವರೆ ದಿನಗಳೊಳಗೆ ತೋರುತ್ತದೆ. ಹದಿನಾಲ್ಕು ದಿನ ಕಾಯ್ದ ಮೇಲೂ ತಡವಾಗಿ ಹೊರಬೀಳುವವರು ಹತ್ತುಸಾವಿರದಲ್ಲಿ ಸುಮಾರು ೧೦೧ ಮಂದಿ, ಅಂದರೆ ನೂರಕ್ಕೆ ಒಬ್ಬರು. ಇನ್ನೂ ಒಂದು ವಾರ ಹೆಚ್ಚಿಸಿದ್ದರೆ ಆ ಒಬ್ಬರನ್ನೂ ಹಿಡಿಯಬಹುದಾಗಿತ್ತು. ಆದರೆ ಉಳಿದ ತೊಂಬತ್ತೊಂಬತ್ತು ಮಂದಿಯನ್ನು ಕಾರಣವಿಲ್ಲದೆ ಏಳು ದಿನ ಕೂಡಿಹಾಕಬೇಕಾಗುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಗಣಿತ ಹೇಳುವುದಿಲ್ಲ. ಗಣಿತವನ್ನು ಮುಂದಿಟ್ಟುಕೊಂಡು ಮನುಷ್ಯರೇ ತೀರ್ಮಾನಿಸಬೇಕು. ೨೦೨೦ರ ಮೇ ಕೊನೆಯಲ್ಲಿ, ಬಂದವರ ಸಂಖ್ಯೆ ಬೆಳೆದು ಕೇಂದ್ರಗಳು ಸಾಲದಾದಾಗ, ಕರ್ನಾಟಕವು ಏಳು ದಿನ ಕೇಂದ್ರದಲ್ಲಿಯೂ ಏಳು ದಿನ ಮನೆಯಲ್ಲಿಯೂ ಎಂದು ಅವಧಿಯನ್ನು ಒಡೆಯಿತು. ಏಳು ದಿನಕ್ಕೇ ಸಂಪೂರ್ಣ ಬಿಟ್ಟಿದ್ದರೆ? ಅದೇ ಗಣನೆಯನ್ನು ಅನುಸರಿಸಿ ನೋಡಿದರೆ, ಲಕ್ಷಣ ತೋರಬೇಕಾದವರಲ್ಲಿ ಐದರಲ್ಲೊಂದು ಪಾಲು ಇನ್ನೂ ಗುಪ್ತಾವಧಿಯಲ್ಲಿಯೇ ಇರುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮವುಂಟು. ಅದನ್ನು ಮರೆತರೆ ಎಲ್ಲ ಕಷ್ಟವೂ ನಿಷ್ಫಲ. ಹದಿನಾಲ್ಕನ್ನು ಎಣಿಸಬೇಕಾದುದು ಊರಿಗೆ ಬಂದ ದಿನದಿಂದಲ್ಲ. ಸೋಂಕಿರಬಹುದಾದವರ ಜೊತೆ ಕೊನೆಯ ಸಲ ಕೂಡಿದ್ದ ದಿನದಿಂದ. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗಿ, ಒಂದೇ ಸ್ನಾನದ ಮನೆ ಬಳಸಿ, ಹತ್ತನೆಯ ದಿನ ಅವರಲ್ಲಿ ಒಬ್ಬನಿಗೆ ಸೋಂಕಿದೆಯೆಂದು ತಿಳಿದರೆ, ಉಳಿದ ಐವರ ಎಣಿಕೆ ಮತ್ತೆ ಒಂದರಿಂದ ಆರಂಭವಾಗಬೇಕು. ಗುಂಪಾಗಿ ಕೂಡಿಹಾಕಿ ದಿನ ಎಣಿಸುವುದು ಕ್ವಾರಂಟೈನ್ ಅಲ್ಲ, ಅದರ ಅಣಕ. ಸ್ಥಳವಿಲ್ಲದಾಗ ಅಧಿಕಾರಿಗಳು ಮಾಡುವುದಾದರೂ ಏನು ಎಂದು ಕೇಳಬಹುದು. ಆದರೆ ವೈರಸ್ಸು ಆ ಸಬೂಬನ್ನು ಕೇಳುವುದಿಲ್ಲ.

ಕ್ರಿಸ್‌ಮಸ್ ಹತ್ತಿರ ಬಂದಂತೆ ಜನ ಇನ್ನೊಂದು ಉಪಾಯವನ್ನು ನೆಚ್ಚಿಕೊಂಡರು. ಹಬ್ಬದ ಮುನ್ನಾದಿನ ಪರೀಕ್ಷೆ ಮಾಡಿಸಿ, ಸೋಂಕಿಲ್ಲವೆಂಬ ಚೀಟಿ ದೊರೆತರೆ ಧೈರ್ಯವಾಗಿ ಮನೆಗೆ ಹೋಗಬಹುದಲ್ಲವೆ? ಆರ್‌ಟಿ-ಪಿಸಿಆರ್ ಪರೀಕ್ಷೆ ಬಹು ಸೂಕ್ಷ್ಮವಾದುದು. ಮೂಗು ಗಂಟಲುಗಳಲ್ಲಿ ವೈರಸ್ಸಿನ ಅಂಶ ಅತ್ಯಲ್ಪವಿದ್ದರೂ ಅದನ್ನು ಹೆಚ್ಚಿಸಿ ತೋರಿಸುತ್ತದೆ. ಆದರೆ ಇಲ್ಲದುದನ್ನು ಯಾವ ಪರೀಕ್ಷೆಯೂ ತೋರಿಸಲಾರದು. ಸೋಂಕು ತಗುಲಿದ ಮೊದಲ ದಿನಗಳಲ್ಲಿ ವೈರಸ್ಸು ಜೀವಕೋಶಗಳೊಳಗೆ ಬೆಳೆಯುತ್ತಿರುತ್ತದೆ. ಗಂಟಲ ದ್ರವದಲ್ಲಿ ಸಿಕ್ಕುವಷ್ಟಿರುವುದಿಲ್ಲ. ೨೦೨೦ರಲ್ಲಿಯೇ ಹಲವು ಅಧ್ಯಯನಗಳನ್ನು ಕೂಡಿಸಿ ಮಾಡಿದ ಅಂದಾಜಿನಲ್ಲಿ, ಸೋಂಕಿತನನ್ನು ಪರೀಕ್ಷೆಯು ತಪ್ಪಾಗಿ ‘ಇಲ್ಲ’ ಎನ್ನುವ ಸಂಭವ ಮೊದಲ ದಿನ ನೂರಕ್ಕೆ ನೂರು. ನಾಲ್ಕನೆಯ ದಿನ ೬೭. ಐದನೆಯ ದಿನ ೩೮. ಎಂಟನೆಯ ದಿನ ೨೦. ಡಿಸೆಂಬರ್ ೨೨ರಂದು ಸೋಂಕು ತಗುಲಿಸಿಕೊಂಡವನು ೨೪ರಂದು ನಿರ್ಮಲವಾದ ಚೀಟಿಯನ್ನು ಪಡೆದು, ೨೫ ಮತ್ತು ೨೬ರಂದು ಮನೆಯವರ ನಡುವೆ ಕುಳಿತು, ಹರಡುವಿಕೆಯ ಶಿಖರವನ್ನು ಅಲ್ಲಿಯೇ ಮುಟ್ಟಬಹುದು. ಚೀಟಿ ಸುಳ್ಳಲ್ಲ, ಅದು ಹೇಳಿದುದು ೨೪ರ ಸ್ಥಿತಿಯನ್ನು ಮಾತ್ರ.

ಹಬ್ಬದ ಕೂಟದ ವಿಚಾರದಲ್ಲಿ ಇನ್ನೊಂದು ಸಣ್ಣ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂದು ಮನೆಯಲ್ಲಿ ಆರು ಜನರಿದ್ದರೆ ಅವರ ನಡುವೆ ಎಷ್ಟು ಜೋಡಿಗಳಾಗುತ್ತವೆ? ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ೧೫. ಸೋಂಕು ದಾಟಬಹುದಾದ ಹಾದಿಗಳು ಇಷ್ಟು. ಅಣ್ಣ, ತಮ್ಮ, ಅಕ್ಕ, ಹೀಗೆ ಮೂರು ಮನೆಯವರು ತಂತಮ್ಮ ಮನೆಗಳಲ್ಲಿಯೇ ಹಬ್ಬ ಮಾಡಿದರೆ ಒಟ್ಟು ಹಾದಿಗಳು ೪೫. ಮೂವರೂ ಹಿರಿಯ ಮನೆಯಲ್ಲಿ ಕೂಡಿದರೆ ಹದಿನೆಂಟು ಜನ, ಜೋಡಿಗಳು ೧೫೩. ಜನ ಅಷ್ಟೇ, ಹಾದಿಗಳು ಮೂರು ಪಾಲಿಗಿಂತ ಹೆಚ್ಚು. ಹೆಚ್ಚಿದ ೧೦೮ ಹಾದಿಗಳೂ ಮನೆಯಿಂದ ಮನೆಗೆ ಹೋಗುವಂತಹವು. ಒಂದು ಮನೆಯೊಳಗೆ ಹುಟ್ಟಿದ ಸೋಂಕು ಅಲ್ಲಿಯೇ ತಡೆದು ನಿಲ್ಲಬಹುದಾಗಿತ್ತು. ಈಗ ಅದು ಮೂರು ಊರುಗಳಿಗೆ ಹಿಂದಿರುಗುತ್ತದೆ. ಲಂಡನ್ನಿನಲ್ಲಿ ಹಬ್ಬದ ಐದು ದಿನ ಮೊದಲು ಕೂಟಗಳನ್ನು ತಡೆದುದರ ಹಿಂದಿನ ತರ್ಕ ಇದೇ. ಆಲ್ಫಾ ರೂಪಾಂತರವು ಭಾರತಕ್ಕೂ ಬಂದಿದೆಯೆಂದು ಡಿಸೆಂಬರ್ ೨೯ರಂದು ಪ್ರಕಟವಾಯಿತು. ಬ್ರಿಟನ್ನಿನಿಂದ ಬಂದವರಲ್ಲಿ ಮೊದಲು ಗುರುತಿಸಿದ ಆರು ಮಾದರಿಗಳಲ್ಲಿ ಮೂರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪತ್ತೆಯಾದವು.

ಅಗಲಿರುವುದು ರೋಗಕ್ಕೆ ಚಿಕಿತ್ಸೆಯಲ್ಲ. ಕಾಲವನ್ನು ಗಳಿಸುವ ಸಾಧನ ಮಾತ್ರ. ಗಳಿಸಿದ ಕಾಲದಲ್ಲಿ ಏನಾದರೂ ಆಗಬೇಕು. ಈ ವಿಚಾರದಲ್ಲಿ ಗಂಜಾಮಿನ ಪಾದ್ರಿಗಳನ್ನು ಮತ್ತೊಮ್ಮೆ ನೆನೆಯಬೇಕು. ಎಡ್ವರ್ಡ್ ಜೆನ್ನರನು ದನದ ಸಿಡುಬಿನ ರಸಿಕೆಯಿಂದ ಸಿಡುಬನ್ನು ತಡೆಯಬಹುದೆಂದು ಪ್ರಯೋಗದಿಂದ ತೋರಿಸಿದುದು ೧೭೯೬ರಲ್ಲಿ. ಆ ರಸಿಕೆಯು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಸಾಗುತ್ತ ೧೮೦೨ರ ಜೂನಿನಲ್ಲಿ ಮುಂಬಯಿಯನ್ನು ಮುಟ್ಟಿತು. ಮರುವರ್ಷವೇ ಮೈಸೂರು ಸೀಮೆಯಲ್ಲಿ ದೇವಿ ಹಾಕಲು ಮುಂದಾದವರಲ್ಲಿ ಅಬ್ಬೆ ದುಬಾಯ್ ಒಬ್ಬರು; ೧೮೦೩–೦೪ರಲ್ಲಿ ಅವರು ೨೫,೦೦೦ಕ್ಕೂ ಹೆಚ್ಚು ಜನಕ್ಕೆ ದೇವಿ ಹಾಕಿ ಲೆಕ್ಕವಿರಿಸಿದರೆಂದು ದಾಖಲೆಯಿದೆ. ರೈಲಿಲ್ಲದ, ಸೂಜಿಮದ್ದಿಲ್ಲದ, ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದ ಕಾಲದಲ್ಲಿ ಇದು ಸಾಮಾನ್ಯ ಸಾಹಸವಲ್ಲ. ಕೋವಿಡ್ ಲಸಿಕೆಗಳು ವೈರಸ್ಸನ್ನು ಗುರುತಿಸಿದ ಒಂದೇ ವರ್ಷದೊಳಗೆ ಸಿದ್ಧವಾದವು; ಭಾರತದಲ್ಲಿ ಲಸಿಕೆಯ ಕಾರ್ಯ ೨೦೨೧ರ ಜನವರಿ ೧೬ರಂದು ಆರಂಭವಾಯಿತು. ಸಿಡುಬಿನ ಲಸಿಕೆಯಂತೆ ಇವು ಸೋಂಕನ್ನು ಸಂಪೂರ್ಣವಾಗಿ ತಡೆಯಲಿಲ್ಲ. ಆದರೆ ರೋಗ ಉಲ್ಬಣಿಸಿ ಸಾಯುವುದನ್ನು ಬಹಳಮಟ್ಟಿಗೆ ತಡೆದವು. ಲಸಿಕೆ ಬಹುಜನರನ್ನು ಮುಟ್ಟುವ ಮೊದಲೇ ೨೦೨೧ರ ಬೇಸಗೆಯ ಎರಡನೆಯ ಅಲೆ ಬಂದೆರಗಿತು. ಏಪ್ರಿಲ್ ೨೭ರಿಂದ ಕರ್ನಾಟಕ ಮತ್ತೆ ಬಾಗಿಲು ಮುಚ್ಚಿತು.

ಅದೇ ವರ್ಷದ ಕೊನೆಗೆ ಓಮಿಕ್ರಾನ್ ಎಂಬ ರೂಪಾಂತರ ಕಾಣಿಸಿಕೊಂಡಿತು. ಭಾರತದಲ್ಲಿ ಅದರ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲಿಯೇ ಪತ್ತೆಯಾಗಿ, ೨೦೨೧ರ ಡಿಸೆಂಬರ್ ೨ರಂದು ಪ್ರಕಟವಾದವು. ಹರಡುವ ವೇಗ ಹಿಂದಿನವುಗಳಿಗಿಂತ ಹೆಚ್ಚು. ಗುಪ್ತಾವಧಿಯಾದರೋ ಐದರಿಂದ ಸುಮಾರು ಮೂರು ದಿನಗಳಿಗೆ ಇಳಿದಿತ್ತು. ಬ್ರಿಟನ್ ಮುದಲಾದ ದೇಶಗಳಿಂದ ಬರುವವರಿಗೆ ಆ ಹೊತ್ತಿನಲ್ಲಿದ್ದ ನಿಯಮ ಹೀಗಿತ್ತು: ಇಳಿದೊಡನೆ ಒಂದು ಪರೀಕ್ಷೆ, ಸೋಂಕಿಲ್ಲವೆಂದಾದರೆ ಏಳು ದಿನ ಮನೆಯಲ್ಲಿ ಪ್ರತ್ಯೇಕವಾಸ, ಎಂಟನೆಯ ದಿನ ಮತ್ತೊಂದು ಪರೀಕ್ಷೆ. ಅವಧಿಯನ್ನು ಅರ್ಧಕ್ಕಿಳಿಸಿ, ಉಳಿದ ಸಂದೇಹವನ್ನು ಕೊನೆಯ ಪರೀಕ್ಷೆಗೆ ಒಪ್ಪಿಸಿದ ಏರ್ಪಾಡು ಇದು. ಲಂಡನ್ನಿನಿಂದ ೨೦೨೦ರ ಡಿಸೆಂಬರ್ ೨೦ರಂದು ಬಂದಿಳಿದು ಹದಿನಾಲ್ಕು ದಿನ ಬೇರೆಯಾಗಿದ್ದ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನು ಮನೆಯವರೊಡನೆ ಕುಳಿತು ಉಂಡುದು ಜನವರಿ ೩ರ ಮೇಲೆ, ಗೋದಲಿಯ ಹುಲ್ಲು ಒಣಗಿದ ಬಳಿಕ. ಮರುವರ್ಷ ಅವನೇ ಡಿಸೆಂಬರ್ ೧೭ರಂದು ಬಂದಿದ್ದರೆ, ಎಂಟನೆಯ ದಿನದ ಪರೀಕ್ಷೆ ಬೀಳುತ್ತಿದ್ದುದು ಸರಿಯಾಗಿ ಡಿಸೆಂಬರ್ ೨೫ರಂದು. ಚೀಟಿ ಸಂಜೆಯೊಳಗೆ ಕೈಸೇರಿದರೆ ರಾತ್ರಿಯ ಊಟಕ್ಕೆ ಅವನು ಕೋಣೆಯಿಂದ ಹೊರಬರಬಹುದಾಗಿತ್ತು.